ಸಂಜೆ ಐದರ ಗಂಟು: ಅಜ್ಜಿಯನ್ನು ಕಟ್ಟಿಹಾಕಿದ ಮನೆಯಲ್ಲಿ ಕಾರ್ಯಕರ್ತೆ ಏನು ಮಾಡಬೇಕು?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ, ಅಂದರೆ ವಿಕಲಚೇತನರ ಮನೆಗಳಿಗೆ ಭೇಟಿ ಕೊಡುವ ಕೆಲಸ. ಕೆಲಸಕ್ಕೆ ಸೇರಿ ಒಂದೂವರೆ ವರ್ಷ. ಹೋದ ವಾರ ಸಂಜೆ ಐದರ ಸುಮಾರಿಗೆ ಒಂದು ಮನೆಗೆ ಹೋದೆ. ಎಪ್ಪತ್ತೆಂಟು ವರ್ಷದ ಅಜ್ಜಿಯ ಕೈಯನ್ನು ಹಳೇ ಸೀರೆಯಿಂದ ಮಂಚದ ಕಾಲಿಗೆ ಕಟ್ಟಿದ್ದರು. ಅಜ್ಜಿಗೆ ಮೂರ್ನಾಲ್ಕು ವರ್ಷದಿಂದ ಮರೆವು. ಎರಡು ಸಲ ಮನೆ ಬಿಟ್ಟು ಹೋಗಿದ್ದಾರೆ, ಒಂದು ಸಲ ಕೆರೆ ಏರಿ ಮೇಲೆ ಸಿಕ್ಕಿದ್ದರಂತೆ. ಮಗ ಬೆಂಗಳೂರಿನಲ್ಲಿ ಕೆಲಸ, ಭಾನುವಾರ ಬರುತ್ತಾರೆ. ಮನೆಯಲ್ಲಿ ಸೊಸೆ ಒಬ್ಬರೇ. ನಾನು ಕೇಳಿದ್ದಕ್ಕೆ, "ಒಂದಿನ ನೀವೇ ಇದ್ದು ನೋಡ್ಕೊಳ್ಳಿ ಮೇಡಂ, ಆಮೇಲೆ ಹೇಳಿ" ಅಂದರು. ನನಗೆ ಸಿಟ್ಟು ಬಂತು. ಫೋಟೊ ತೆಗೆದುಕೊಂಡೆ, ಗಂಟು ಬಿಚ್ಚಿದೆ, ನಾಲ್ಕು ಮಾತು ಅಂದು ಬಂದೆ. ಈಗ ದೂರು ಕೊಡಬೇಕಾ, ಬಿಡಬೇಕಾ? ನಾನು ಗಂಟು ಬಿಚ್ಚಿದ್ದು ಸರಿಯಾ?

ಉತ್ತರ: ಮೊದಲು ಆ ಫೋಟೊ. ಅದು ಇನ್ನೂ ನಿಮ್ಮ ಫೋನಿನಲ್ಲೇ ಇದ್ದರೆ ಅಲ್ಲೇ ಅಳಿಸಿಬಿಡಿ. ಭೇಟಿಯ ಸಾಕ್ಷಿಗೆಂದು ವಾಟ್ಸ್‌ಆ್ಯಪ್ ಗುಂಪಿಗೆ ಫೋಟೊ ಹಾಕುವ ರೂಢಿ ಈಗ ಎಲ್ಲ ಕಡೆ ಬಂದಿದೆ. ಗುಂಪಿಗೆ ಹೋದ ಚಿತ್ರ ರಾತ್ರಿ ಊಟದ ಹೊತ್ತಿಗೆ ಆ ಊರಿನ ಅರಳಿಕಟ್ಟೆಗೆ ತಲುಪಿರುತ್ತದೆ. ಅಜ್ಜಿಯನ್ನು ಯಾರೂ ಕೇಳಿಲ್ಲ, ಸೊಸೆಯನ್ನೂ ಕೇಳಿಲ್ಲ. ಈಗಾಗಲೇ ಕಳಿಸಿದ್ದರೆ ಅಳಿಸಿ, ತಾಲೂಕು ಮಟ್ಟದಲ್ಲಿ ನಿಮ್ಮ ಮೇಲಿರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿಗೆ (ಎಂಆರ್‌ಡಬ್ಲ್ಯು) ಫೋನ್ ಮಾಡಿ ಯಾಕೆ ಅಳಿಸಿದಿರಿ ಅಂತ ಹೇಳಿ. ಮೈಮೇಲೆ ಗಾಯವಿದ್ದರೆ ಅದಕ್ಕೆ ಡಾಕ್ಟರು ಬರೆಯುವ ಚೀಟಿಯೇ ಸಾಕ್ಷಿ. ನಿಮ್ಮ ಕಣ್ಣು ಕಂಡದ್ದಕ್ಕೆ ಭೇಟಿ ಪುಸ್ತಕ ಇದೆ, ಅದರಲ್ಲಿ ಬರೆಯುವ ಬಗೆಯನ್ನು ಮುಂದೆ ಹೇಳುತ್ತೇನೆ.

ಇನ್ನು ನಿಮ್ಮ ಪ್ರಶ್ನೆ. ದೂರು ಕೊಡಬೇಕಾ ಅಂತ ಕೇಳಿದ್ದೀರಿ. ಅದಕ್ಕೂ ಮುಂಚೆ ಕೇಳಬೇಕಾದ ಒಂದು ಪ್ರಶ್ನೆ ನಿಮ್ಮ ಕಾಗದದಲ್ಲಿ ಎಲ್ಲೂ ಇಲ್ಲ: ಆ ಗಂಟು ಎಷ್ಟು ಹೊತ್ತಿಗೆ ಬೀಳುತ್ತದೆ, ಎಷ್ಟು ಹೊತ್ತಿಗೆ ಬಿಚ್ಚುತ್ತದೆ? ದಿನವಿಡೀ ಕಟ್ಟಿರುವ ಮನೆ ಬೇರೆ, ಸಂಜೆ ಒಂದು ಗಂಟೆ ಕಟ್ಟುವ ಮನೆ ಬೇರೆ. ನೀವು ಹೋದದ್ದು ಐದು ಗಂಟೆಗೆ. ಹಳ್ಳಿ ಮನೆಯಲ್ಲಿ ಐದು ಗಂಟೆ ಅಂದರೆ ಹಸು ಕರೆಯುವ ಹೊತ್ತು, ಕ್ಯಾನು ಎತ್ತಿಕೊಂಡು ಡೇರಿಗೆ ಓಡುವ ಹೊತ್ತು. ಮರೆವಿನ ಕಾಯಿಲೆ ಇರುವವರಲ್ಲಿ ಬಹಳ ಜನಕ್ಕೆ ಕಳವಳ ಹೆಚ್ಚುವುದೂ ಅದೇ ಇಳಿಹೊತ್ತಿನಲ್ಲಿ. ಬೆಳಕು ಇಳಿಯುತ್ತಿದ್ದ ಹಾಗೆ "ನಮ್ಮೂರಿಗೆ ಹೋಗ್ಬೇಕು, ಅಪ್ಪ ಕಾಯ್ತಿರ್ತಾರೆ" ಅಂತ ಎದ್ದು ಹೊರಡುತ್ತಾರೆ. ಅಪ್ಪ ತೀರಿಹೋಗಿ ನಲವತ್ತು ವರ್ಷ ಆಗಿರುತ್ತದೆ. ಸೊಸೆಯ ಎರಡೂ ಕೈ ಕೆಚ್ಚಲಿನಲ್ಲಿ ಸಿಕ್ಕಿಕೊಂಡಿರುವಾಗಲೇ ಅತ್ತೆಯ ಕಾಲು ಹೊಸ್ತಿಲು ದಾಟುತ್ತದೆ. ಗಂಟು ಹುಟ್ಟಿದ್ದು ಅಲ್ಲಿ ಅಂತ ನನ್ನ ಊಹೆ. ಊಹೆ ಮಾತ್ರ. ಹೌದೋ ಅಲ್ಲವೋ ಅಂತ ತಿಳಿಯುವುದು ನಿಮ್ಮ ಮುಂದಿನ ಭೇಟಿಯ ಕೆಲಸ.

ಕಟ್ಟುವುದು ಸರಿ ಅಂತ ನಾನು ಹೇಳುತ್ತಿಲ್ಲ. ಕಟ್ಟಿದ ಕೈಯನ್ನು ಎಳೆದೆಳೆದು ಚರ್ಮ ಕಿತ್ತುಬರುತ್ತದೆ, ಮಂಚದಿಂದ ಉರುಳಿದರೆ ಸೀರೆ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಗುಡಿಸಲಿಗೆ ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಾನಸಿಕ ರೋಗಿಗಳು ಓಡಲಾರದೆ ಸತ್ತರು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯಲ್ಲಿ ಕಟ್ಟುವುದನ್ನು ಯಾವ ರೂಪದಲ್ಲೂ ಕೂಡದು ಅಂತ ನೇರವಾಗಿ ನಿಷೇಧಿಸಿದೆ. ಆದ್ದರಿಂದ ಆ ಗಂಟು ಬಿಚ್ಚಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬಿಚ್ಚಿದ ಮೇಲೆ ನಾಳೆ ಸಂಜೆ ಐದಕ್ಕೆ ಮತ್ತೆ ಬೀಳದ ಹಾಗೆ ಬಿಚ್ಚಬೇಕು.

ಆ ಮನೆಯಲ್ಲಿ ನಿಮ್ಮ ಕಡೆಯವರು ಅಂತ ಇರುವವರು ಒಬ್ಬರಲ್ಲ, ಇಬ್ಬರು. ನಮ್ಮ ಫಾರಮ್ಮಿನಲ್ಲಿ ಒಂದೇ ಹೆಸರಿಗೆ ಜಾಗ ಇರುತ್ತದೆ, ತೊಂದರೆ ಅಲ್ಲಿಂದಲೇ ಶುರು. ಅಜ್ಜಿಯ ಹೆಸರು ಬರೆದ ಕೂಡಲೇ ಸೊಸೆ ಆರೋಪಿಯ ಜಾಗಕ್ಕೆ ಸರಿಯುತ್ತಾಳೆ. ಇಲ್ಲವೇ ಸೊಸೆಯ ಕಷ್ಟ ಕೇಳುತ್ತ ಕೂತು ಅಜ್ಜಿ ಮಂಚದ ಮೇಲಿನ ಸಾಮಾನಾಗುತ್ತಾರೆ. ಹಳ್ಳಿಯಲ್ಲಿ ಇನ್ನೂ ಒಂದಿದೆ: ನೀವು ಯಾರ ಪಕ್ಕ ಕೂತಿರಿ, ಯಾರ ಕೈಯಿಂದ ನೀರು ತೆಗೆದುಕೊಂಡಿರಿ ಅನ್ನುವುದನ್ನು ನೋಡಿ "ಈ ಮೇಡಂ ಅತ್ತೆ ಪರ" ಅಥವಾ "ಸೊಸೆ ಪರ" ಅಂತ ಪಕ್ಕದ ಮನೆಯವರು ತೀರ್ಮಾನ ಮಾಡಿರುತ್ತಾರೆ.

ಮುಂದಿನ ಸಲ ಬೆಳಿಗ್ಗೆ ಹತ್ತು ಹನ್ನೊಂದರ ಹೊತ್ತಿಗೆ ಹೋಗಿ. ಆಗ ಅಜ್ಜಿಯ ತಲೆ ಸ್ವಲ್ಪ ತಿಳಿಯಾಗಿರುತ್ತದೆ, ಸೊಸೆಗೂ ಉಸಿರಾಡಲು ಬಿಡುವಿರುತ್ತದೆ. ಒಳಗೆ ಹೋದವರು ಮೊದಲು ಅಜ್ಜಿಯ ಹತ್ತಿರ ಹೋಗಿ. ನಿಂತು ಮಾತಾಡಬೇಡಿ. ಮಂಚದ ಪಕ್ಕ ನೆಲದಲ್ಲೋ ಮಣೆಯ ಮೇಲೋ ಕೂತು, ಮುಖ ಎದುರಿಗೆ ಕಾಣುವ ಹಾಗೆ, ನಿಮ್ಮ ಹೆಸರು ಹೇಳಿ. "ನಾನ್ಯಾರು ಹೇಳಿ ನೋಡೋಣ" ಅಂತ ಪರೀಕ್ಷೆ ಮಾಡಬೇಡಿ. ಅವರಿಗೆ ಗೊತ್ತಿಲ್ಲದ್ದನ್ನು ಕೇಳಿ ಅವಮಾನ ಮಾಡಿದ ಹಾಗಾಗುತ್ತದೆ. ತವರೂರು ಯಾವುದು, ಅಲ್ಲಿ ಹೊಲದಲ್ಲಿ ಏನು ಬೆಳೀತಿದ್ರು ಅಂತ ಕೇಳಿ. ಹಳೆಯದು ಇನ್ನೂ ಇರುತ್ತದೆ. ಉತ್ತರ ಸಿಗದಿದ್ದರೂ ಕೈ ನೋಡಲು, ಮುಂಗೈ ಮುಟ್ಟಲು, ಬೆನ್ನಿನ ಕಡೆ ಹಾಸಿಗೆ ಹುಣ್ಣಿದೆಯೇ ಅಂತ ಸೊಸೆಯ ಜೊತೆ ಸೇರಿ ತಿರುಗಿಸಿ ನೋಡಲು ಅವರ ಅನುಮತಿ ಕೇಳಿ. ಮುಖ ಸಿಂಡರಿಸಿದರೆ ಅದೂ ಉತ್ತರವೇ, ಅವತ್ತಿಗೆ ನಿಲ್ಲಿಸಿ.

"ಅರವತ್ತಕ್ಕೆ ಅರಳು ಮರಳು" ಅಂತ ನಮ್ಮಲ್ಲಿ ಮಾತಿದೆ. ಈ ಮಾತು ಎಷ್ಟು ಜನರನ್ನು ಡಾಕ್ಟರ ಹತ್ತಿರ ಹೋಗದ ಹಾಗೆ ಮಾಡಿದೆಯೋ ಲೆಕ್ಕವಿಲ್ಲ. 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ ಭಾರತದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಎಂಬ ಈ ಮರೆವಿನ ಕಾಯಿಲೆ ಇದೆ. ಹಾಗೆ ನೋಡಿದರೆ ಮಿಕ್ಕ ತೊಂಬತ್ತಮೂರು ಮಂದಿಗೆ ಇಲ್ಲ. ವಯಸ್ಸಾದ ಮಾತ್ರಕ್ಕೆ ಬರುವುದಲ್ಲ, ಇದು ಕಾಯಿಲೆ. ಥೈರಾಯ್ಡ್ ಇಳಿದಿದ್ದರೂ, ಬಿ12 ಕಡಿಮೆಯಾಗಿದ್ದರೂ, ಖಿನ್ನತೆ ಇದ್ದರೂ ಮರೆವು ಬರುತ್ತದೆ, ಅವಕ್ಕೆ ಔಷಧ ಇದೆ. ಮೊನ್ನೆವರೆಗೆ ಸುಮ್ಮನಿದ್ದವರು ಎರಡು ಮೂರು ದಿನದಲ್ಲಿ ಇದ್ದಕ್ಕಿದ್ದ ಹಾಗೆ ಕಿರುಚಾಡಲು, ಎದ್ದು ಓಡಲು ಶುರು ಮಾಡಿದರೆ ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ನೋವು, ಹೊಸದಾಗಿ ಕೊಟ್ಟ ಮಾತ್ರೆ, ಇವನ್ನು ಮೊದಲು ಅನುಮಾನಿಸಬೇಕು. ತಾಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಬರುವ ದಿನ ಯಾವುದು ಅಂತ ವಿಚಾರಿಸಿ ಒಂದು ಸಲ ತೋರಿಸಿ. ಅದೇ ಕೈಯಲ್ಲಿ ಪ್ರಮಾಣಪತ್ರದ ಮಾತನ್ನೂ ಎತ್ತಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಡಿಮೆನ್ಷಿಯಾ ಅಂತ ಬೇರೆ ಸಾಲಿಲ್ಲ. ಆದರೆ ಆ ಕಾಯ್ದೆ ಮಾನಸಿಕ ಅಸ್ವಸ್ಥತೆಗೆ ಕೊಟ್ಟಿರುವ ವ್ಯಾಖ್ಯೆಯಲ್ಲಿ ನೆನಪಿನ ಶಕ್ತಿಯ ತೀವ್ರ ದೋಷವೂ ಸೇರಿದೆ. ಪಟ್ಟಿಯಲ್ಲಿ ಇಲ್ಲ ಅಂತ ಕೌಂಟರಿನಲ್ಲೇ ಹಿಂದೆ ಕಳಿಸಿದರೆ ಈ ಮಾತನ್ನು ಡಾಕ್ಟರ ಮುಂದೆ ಇಡಿ.

ಸೊಸೆಯ ಜೊತೆ ಮಾತಾಡಲು ಅಡುಗೆಮನೆ ಬೇಡ, ಅಲ್ಲಿ ಅತ್ತೆಗೆ ಕೇಳಿಸುತ್ತದೆ. ಮರೆವಿದ್ದವರಿಗೆ ಕಿವಿ ಕೇಳದು ಅಂತ ತಿಳಿಯುವುದು ನಾವು ಮಾಡುವ ದೊಡ್ಡ ತಪ್ಪು. ಕೊಟ್ಟಿಗೆಗೆ ಹೋಗಿ. ಅವರು ಸಗಣಿ ಬಾಚುತ್ತಿರಲಿ, ನೀವು ಪಕ್ಕದಲ್ಲಿ ನಿಂತಿರಿ. ಕೈ ಕೆಲಸ ಮಾಡುತ್ತಿದ್ದರೆ ಬಾಯಿ ಬಿಡುವುದು ಸುಲಭ. ಆರೈಕೆದಾರರ ಹೊರೆ ಅಳೆಯಲು ಜರಿಟ್ ಎನ್ನುವವರ 22 ಪ್ರಶ್ನೆಗಳ ಒಂದು ಪಟ್ಟಿ ಇದೆ, ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ಕೊಟ್ಟಿಗೆಗೆ ಅದನ್ನು ಒಯ್ಯಬೇಡಿ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: "ರಾತ್ರಿ ಎಷ್ಟು ಸಲ ಏಳ್ತೀರಾ?" ಇದಕ್ಕೆ ಉತ್ತರ ಕೊಡುವಾಗ ಹತ್ತರಲ್ಲಿ ಎಂಟು ಹೆಂಗಸರು ಅಳುತ್ತಾರೆ. ಹೇಗಿದ್ದೀರಿ ಅಂದರೆ ಚೆನ್ನಾಗಿದ್ದೀನಿ ಅನ್ನುತ್ತಾರೆ, ಎಷ್ಟು ಸಲ ಏಳ್ತೀರಿ ಅಂದರೆ ಲೆಕ್ಕ ಹೇಳಬೇಕಾಗುತ್ತದೆ. ಆಮೇಲೆ ಅವರ ಬೆನ್ನುನೋವು, ಬಿಟ್ಟುಹೋದ ಬಿಪಿ ಮಾತ್ರೆ, ತವರಿಗೆ ಹೋಗಿ ಎಷ್ಟು ದಿನವಾಯಿತು. ಕೊನೆಗೆ ಕಷ್ಟದ ಪ್ರಶ್ನೆಯನ್ನೂ ಕೇಳಿ, ನುಂಗಬೇಡಿ: "ಒಂದೊಂದ್ಸಲ ಕೈ ಎತ್ತೋಣ ಅನ್ನಿಸುತ್ತಾ? ಎತ್ತಿದ್ದೂ ಇದೆಯಾ?" ಮೆಲ್ಲಗೆ ಕೇಳಿದರೆ ಇದು ಅವಮಾನವಲ್ಲ. ಯಾರಾದರೂ ಕೇಳಲಿ ಅಂತ ಕಾಯುತ್ತಿದ್ದವರನ್ನು ನಾನು ಕಂಡಿದ್ದೇನೆ. "ನನಗೇ ಸಾಕಾಗಿದೆ, ಇರೋದೇ ಬೇಡ" ಅನ್ನುವ ಮಾತು ಬಂದರೆ ಸಾಯುವ ಯೋಚನೆ ಬಂದಿದೆಯೇ ಅಂತ ಬಿಡಿಸಿ ಕೇಳಿ. ಟೆಲಿ ಮಾನಸ್‌ನ 14416 ಸಂಖ್ಯೆಗೆ ನಿಮ್ಮ ಫೋನಿನಿಂದಲೇ ಹಚ್ಚಿಕೊಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡುವಂತಿಲ್ಲ.

ಸೊಸೆಯಂದಿರೆಲ್ಲ ತ್ಯಾಗಮಯಿಗಳು ಅಂತ ಭಾವಿಸುವುದೂ ಬೇಡ. ಈ ಅತ್ತೆ ಹಿಂದೆ ಇದೇ ಸೊಸೆಯನ್ನು ಹಸಿದ ಹೊಟ್ಟೆಯಲ್ಲಿ ಹೊಲಕ್ಕೆ ಕಳಿಸಿರಬಹುದು. ಆ ಲೆಕ್ಕ ಇನ್ನೂ ಚುಕ್ತಾ ಆಗದೆ ಉಳಿದಿರಬಹುದು. ಬಾಣಂತನ ಮಾಡಿದ ಋಣವೂ ಅದರ ಜೊತೆಯಲ್ಲೇ ಇರಬಹುದು. ಎರಡನ್ನೂ ಕೇಳಿಸಿಕೊಳ್ಳಿ, ತೀರ್ಪು ಕೊಡಬೇಡಿ.

ಈಗ ಆ ಸಂಜೆಯ ಒಂದು ಗಂಟೆ. ನನಗೆ ನೆನಪಿರುವ ಒಂದು ಮನೆಯಲ್ಲಿ ಉಪಾಯ ಹೊಳೆದದ್ದು ನನಗಲ್ಲ, ಪಕ್ಕದ ಮನೆಯವರಿಗೆ. ಅವರು ದಿನಾ ಸಂಜೆ ತಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಅದನ್ನೇ ಈ ಜಗಲಿಗೆ ತಂದರು. ಅಜ್ಜಿಯ ಮುಂದೆ ಮೊರದಲ್ಲಿ ಕಾಯಿ ಸುರಿದರೆ ಬೆರಳು ತಾನಾಗಿ ಸುಲಿಯತೊಡಗಿತು. ಮಗನ ಹೆಸರು ಮರೆತಿದ್ದ ಕೈ ಸಿಪ್ಪೆ ಒಂದು ಕಡೆ, ಕಾಳು ಒಂದು ಕಡೆ ಹಾಕುವುದನ್ನು ಮರೆತಿರಲಿಲ್ಲ. ಅವರೆ ಕಾಲ ಮುಗಿದ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುವುದು, ಬಟ್ಟೆ ಮಡಿಸುವುದು. ಎಲ್ಲ ಮನೆಯಲ್ಲೂ ಇದೇ ನಡೆಯುತ್ತದೆ ಅಂತಲ್ಲ. ಇನ್ನೊಂದು ಕಡೆ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಕೈಕುರ್ಚಿ ಹಾಕಿದ್ದೇ ಸಾಕಾಯಿತು. ಸೊಸೆ ಕಣ್ಣಿಗೆ ಬೀಳುತ್ತಿದ್ದರೆ ಆ ಅಜ್ಜಿ ಏಳುತ್ತಿರಲಿಲ್ಲ. ಹಾಲು ಕರೆಯುವ ಮುಂಚೆ, ನಾಲ್ಕೂವರೆಗೆ, ಬೀದಿ ಕೊನೆಯವರೆಗೆ ಕೈಹಿಡಿದು ಒಂದು ಸುತ್ತು ಕರೆದೊಯ್ದರೆ "ಊರಿಗೆ ಹೋಗ್ಬೇಕು" ಅನ್ನುವ ಒತ್ತಡ ಎಷ್ಟೋ ತಗ್ಗುತ್ತದೆ. ಬೀದಿ ಬಾಗಿಲಿಗೆ ಒಂದು ಗೆಜ್ಜೆಯೋ ಗಂಟೆಯೋ ಕಟ್ಟಿ. ಸೆರಗಿನ ಗಂಟಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ. ಹೊರಗಿನಿಂದ ಬೀಗ ಮಾತ್ರ ಬೇಡ, ಒಲೆಯಿರುವ ಮನೆ ಅದು. ಮನೆಯ ಶಾಲೆ ಮಕ್ಕಳನ್ನು ಕಾವಲಿಗೆ ಕೂರಿಸುವ ಯೋಚನೆ ಬಂದರೆ ದಯವಿಟ್ಟು ಒಪ್ಪಬೇಡಿ. ಒಂದು ದಿನಕ್ಕೆಂದು ಶುರುವಾಗಿ ಆರನೇ ಕ್ಲಾಸಿನ ಹುಡುಗಿಯೇ ಆರೈಕೆದಾರಳಾಗಿಬಿಡುತ್ತಾಳೆ.

ಇವೆಲ್ಲ ಸಣ್ಣ ಉಪಾಯ ಅನ್ನಿಸಬಹುದು. ಗೋವಾದಲ್ಲಿ ಡಾಕ್ಟರಾಗಲಿ ನರ್ಸಾಗಲಿ ಅಲ್ಲದ ಸ್ಥಳೀಯ ಕಾರ್ಯಕರ್ತರಿಗೆ ಒಂದು ವಾರ ತರಬೇತಿ ಕೊಟ್ಟು, ಡಿಮೆನ್ಷಿಯಾ ಇರುವವರ ಮನೆಗಳಿಗೆ ಹದಿನೈದು ದಿನಕ್ಕೊಮ್ಮೆಯಾದರೂ ಆರು ತಿಂಗಳು ಕಳಿಸಿ ನೋಡಿದರು. 81 ಕುಟುಂಬಗಳ ಈ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಕಾಯಿಲೆಯವರ ವರ್ತನೆಯಲ್ಲಿ ಲೆಕ್ಕಕ್ಕೆ ಹಿಡಿಯುವಂಥ ಬದಲಾವಣೆ ಕಾಣಲಿಲ್ಲ, ನೋಡಿಕೊಳ್ಳುವವರ ಮನಸ್ಸಿನ ಆರೋಗ್ಯ ಸುಧಾರಿಸಿತು, ಸಂಕಟ ಇಳಿಯಿತು. ನಿಮ್ಮ ಭೇಟಿಯಿಂದ ಅಜ್ಜಿಯ ಮರೆವು ವಾಸಿಯಾಗದು. ಸೊಸೆಗೆ ಉಸಿರಾಡಲು ಸ್ವಲ್ಪ ಬಿಡುವು ಸಿಕ್ಕರೂ ಅಜ್ಜಿಯ ಕೈ ಬಿಡುಗಡೆಯಾಗುತ್ತದೆ.

ನಿಮ್ಮ ಕಾಗದದಲ್ಲಿ ಒಬ್ಬರು ಸುಲಭವಾಗಿ ತಪ್ಪಿಸಿಕೊಂಡಿದ್ದಾರೆ. ಭಾನುವಾರ ಬರುವ ಮಗ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆ ತೆಗೆದು ನೋಡಿ. ಅದರಲ್ಲಿ ಮಕ್ಕಳು ಅಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಆ ಸಾಲಿನಲ್ಲಿ ಇಲ್ಲ. ಸೇರಿಸಬೇಕೆಂದು 2019ರಲ್ಲಿ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡನೆಯಾಯಿತು, ಕಾಯ್ದೆಯಾಗಲಿಲ್ಲ. ಕಾನೂನು ಹೊರೆ ಹೊರಿಸಿದ್ದು ಮಗನ ಮೇಲೆ ಮತ್ತು ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳ ಮೇಲೆ. ಮನೆಯಲ್ಲಿ ಹೊತ್ತವರು ಬೇರೆ. ಆದ್ದರಿಂದ ಒಂದು ಭಾನುವಾರ ನಿಮ್ಮ ರಜೆ ಬಿಟ್ಟುಕೊಟ್ಟಾದರೂ ಹೋಗಿ, ಮಗ ಮತ್ತು ಹೆಣ್ಣುಮಕ್ಕಳನ್ನು ಒಟ್ಟಿಗೆ ಕೂರಿಸಿ. ಕಾಯ್ದೆಯ ಹೆಸರು ಹೇಳಿ ಹೆದರಿಸಬೇಡಿ. "ತಿಂಗಳಲ್ಲಿ ನಾಲ್ಕು ದಿನ ಇವರು ತವರಿಗೆ ಹೋಗಬೇಕು, ಆ ನಾಲ್ಕು ದಿನ ಯಾರು ಬಂದಿರ್ತೀರಾ?" ಅಂತ ದಿನಾಂಕದ ಸಮೇತ ಕೇಳಿ. "ನೋಡೋಣ ಮೇಡಂ" ಅನ್ನುವುದು ಉತ್ತರವಲ್ಲ. ಕ್ಯಾಲೆಂಡರಿನ ಮೇಲೆ ಪೆನ್ನಿನಲ್ಲಿ ಹೆಸರು ಬೀಳುವವರೆಗೆ ಎದ್ದು ಬರಬೇಡಿ.

ದೂರು ಯಾವಾಗ? ಬೇರೆ ಬೇರೆ ದಿನದ್ದು ಅನ್ನಿಸುವ ಬಾವು, ಬರೆ. ಮದ್ದು ಕಾಣದೆ ಕೊಳೆತ ಹಾಸಿಗೆ ಹುಣ್ಣು. ತಿಂಗಳಿಂದ ತಿಂಗಳಿಗೆ ಇಳಿಯುತ್ತಿರುವ ಮೈ. ಊಟ ನೀರಿಲ್ಲದೆ ಕೂಡಿಹಾಕುವುದು, ಸರಪಳಿ. ಅರಿವಿಲ್ಲದ ಕೈಯಿಂದ ಜಮೀನಿನ ಕಾಗದಕ್ಕೆ ಹೆಬ್ಬೆಟ್ಟು. ಇವುಗಳಲ್ಲಿ ಯಾವುದೇ ಒಂದು ಕಂಡರೂ ನೀವೊಬ್ಬರೇ ಹೊತ್ತು ತಿರುಗಬೇಡಿ. ಅವತ್ತೇ ಎಂಆರ್‌ಡಬ್ಲ್ಯುಗೆ, ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗೆ ತಿಳಿಸಿ. ಹಿರಿಯರ ಸಹಾಯವಾಣಿ 14567 ಇದೆ, ಜೀವಕ್ಕೆ ಅಪಾಯ ಅನ್ನಿಸಿದರೆ 112. ಆಸ್ತಿ ಬರೆಸಿಕೊಂಡು ಕೈಬಿಟ್ಟ ಪ್ರಕರಣ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಹೋಗುತ್ತದೆ. ಹೇಳುವುದರಿಂದ ಅಜ್ಜಿಗೆ ಅಪಾಯ ಹೆಚ್ಚುವುದಿಲ್ಲ ಅನ್ನಿಸಿದರೆ ಮನೆಯವರಿಗೆ ಮುಂಚೆಯೇ ಹೇಳಿ: "ನಾನು ಇದನ್ನು ಮೇಲಿನವರಿಗೆ ತಿಳಿಸಲೇಬೇಕು." ಬೆನ್ನ ಹಿಂದೆ ಹೋದ ಕಾರ್ಯಕರ್ತೆಗೆ ಆ ಬೀದಿಯ ಯಾವ ಮನೆಯೂ ಮತ್ತೆ ಬಾಗಿಲು ತೆರೆಯುವುದಿಲ್ಲ.

ದುಡ್ಡಿನ ವಿಷಯದಲ್ಲಿ ಆತುರ ಬೇಡ. ಅಜ್ಜಿಯ ಸಂಧ್ಯಾ ಸುರಕ್ಷಾ ಹಣ ಸೊಸೆ ಬಿಡಿಸಿಕೊಂಡು ಬರುತ್ತಾರೆ ಅಂದ ಮಾತ್ರಕ್ಕೆ ಕಳ್ಳತನವಲ್ಲ. ಪಡಿತರ ಚೀಟಿಯಲ್ಲಿ ಅತ್ತೆಯೇ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯೂ ಅತ್ತೆಯ ಖಾತೆಗೆ ಬರುತ್ತದೆ. ಆ ಹಣದಲ್ಲಿ ಮಾತ್ರೆ, ಡೈಪರು, ಹಾಲು ಬಂದಿದೆಯೇ ಅಂತ ನೋಡಿ. ನೀವಂತೂ ಯಾರ ಎಟಿಎಂ ಕಾರ್ಡನ್ನೂ, ಪಾಸ್‌ಬುಕ್ಕನ್ನೂ ಒಂದು ದಿನದ ಮಟ್ಟಿಗೂ ಇಟ್ಟುಕೊಳ್ಳಬೇಡಿ.

ಭೇಟಿ ಪುಸ್ತಕದಲ್ಲಿ "ಸೊಸೆ ನಿರ್ಲಕ್ಷ್ಯ ಮಾಡುತ್ತಿದ್ದಾರೆ" ಅಂತ ಬರೆದಿದ್ದೀರಾ? ಹೊಡೆದು ಹಾಕಿ, ಹೀಗೆ ಬರೆಯಿರಿ: "ಸಂಜೆ 5.10. ಎಡ ಮಣಿಕಟ್ಟು ಮಂಚದ ಕಾಲಿಗೆ ಹತ್ತಿ ಸೀರೆಯಿಂದ ಕಟ್ಟಿತ್ತು. ಗಂಟಿನೊಳಗೆ ಎರಡು ಬೆರಳು ಹೋಗುವಷ್ಟು ಸಡಿಲ. ಚರ್ಮದ ಮೇಲೆ ಗುರುತಿಲ್ಲ. ಹಾಸಿಗೆ ಒಣಗಿತ್ತು. ಪಕ್ಕದಲ್ಲಿ ನೀರಿನ ಲೋಟ, ಕೈಗೆ ಎಟುಕದ ದೂರದಲ್ಲಿ." ಎಷ್ಟು ಸಡಿಲವಿತ್ತು, ಲೋಟ ಎಲ್ಲಿತ್ತು ಅನ್ನುವುದು ನಿಮಗೆ ಮಾತ್ರ ಗೊತ್ತು, ಇಲ್ಲಿ ನಾನು ಮಾದರಿಗೆ ಬರೆದೆ. ನಿಮ್ಮದರಲ್ಲಿ ನೀವು ಕಂಡದ್ದೇ ಇರಲಿ. ನಾಳೆ ನ್ಯಾಯಮಂಡಳಿಯಲ್ಲಿ ನಿಲ್ಲುವುದು ಇದು. ಅಷ್ಟೇ ಮುಖ್ಯವಾಗಿ, ಸೊಸೆ ಓದಿದರೂ ಸುಳ್ಳು ಅನ್ನಲಾರದಂಥದ್ದು ಇದು. ಅವರು ಕೇಳಿದರೆ ಓದಿ ಹೇಳುವಂತಿರಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ನಿಮ್ಮ ಹಾಗೇ ಒಂದು ಮನೆಯಲ್ಲಿ ಕೂಗಾಡಿ ಬಂದಿದ್ದೆ. ಅಲ್ಲಿ ಕಟ್ಟಿದ್ದವರು ತಾಯಿ, ಕಟ್ಟಿಸಿಕೊಂಡವನು ಇಪ್ಪತ್ತೆರಡರ ಮಗ. ಅವನಿಗೆ ಬುದ್ಧಿಮಾಂದ್ಯತೆ, ಜೊತೆಗೆ ಫಿಟ್ಸ್. ನಾನು ಹೇಳಿದ್ದೆಲ್ಲ ನಿಜವೇ ಆಗಿತ್ತು. ಮುಂದಿನ ತಿಂಗಳು ಹೋದರೆ ಬಾಗಿಲು ಹಾಕಿತ್ತು, ಅದರ ಮುಂದಿನ ತಿಂಗಳೂ ಹಾಕಿತ್ತು. ಒಳಗೆ ಸದ್ದು ಕೇಳುತ್ತಿತ್ತು. ನಾಲ್ಕನೇ ತಿಂಗಳು ಆ ಊರಿನ ಅಂಗನವಾಡಿ ಕಾರ್ಯಕರ್ತೆ ನನ್ನ ಜೊತೆ ಬಂದು, "ಬೈಯೋಕೆ ಬಂದಿಲ್ಲ ಕಣಕ್ಕಾ, ಮಾತ್ರೆ ತಂದಿದ್ದಾರೆ" ಅಂತ ಕೂಗಿ ಹೇಳಿದ ಮೇಲೆ ಚಿಲಕ ತೆಗೆದರು. ಆ ನಾಲ್ಕು ತಿಂಗಳು ಹುಡುಗನಿಗೆ ಫಿಟ್ಸ್ ಮಾತ್ರೆ ಇರಲಿಲ್ಲ.

ಹಾಗಾಗಿ ನಿಮ್ಮ ಕೊನೆಯ ಪ್ರಶ್ನೆಗೆ, ಗಂಟು ಬಿಚ್ಚಿದ್ದು ಸರಿಯಾ ಅನ್ನುವುದಕ್ಕೆ, ನನ್ನ ಉತ್ತರ ಹೀಗೆ: ಬಿಚ್ಚಿದ್ದು ಸರಿ, ಬಿಚ್ಚಿ ಹೊರಟುಬಂದದ್ದು ಸರಿಯಲ್ಲ. ನೀವು ಬೀದಿ ತಿರುಗುವಷ್ಟರಲ್ಲಿ ಆ ಹೆಂಗಸಿಗೆ ಎರಡೇ ದಾರಿ ಇದ್ದವು: ಹಾಲು ಬಿಡುವುದು, ಇಲ್ಲವೇ ಮತ್ತೆ ಕಟ್ಟುವುದು. "ನೀವು ಹಾಲು ಹಾಕ್ಬಿಟ್ಟು ಬನ್ನಿ, ಅಲ್ಲೀತನಕ ನಾನಿಲ್ಲೇ ಕೂತಿರ್ತೀನಿ" ಅಂದಿದ್ದರೆ ಆ ಮುಕ್ಕಾಲು ಗಂಟೆಯಲ್ಲಿ ಅಜ್ಜಿ ಎಷ್ಟು ಸಲ ಎದ್ದರು, ಯಾವ ಬಾಗಿಲಿಗೆ ಹೋದರು, ಯಾರನ್ನು ಕರೆದರು ಅನ್ನುವುದೆಲ್ಲ ನಿಮಗೇ ಕಾಣುತ್ತಿತ್ತು. "ಒಂದಿನ ನೀವೇ ಇದ್ದು ನೋಡ್ಕೊಳ್ಳಿ" ಅಂತ ಅವರೇ ಕರೆದಿದ್ದಾರಲ್ಲ. ಬೆಳಗಿನ ಭೇಟಿ ಮುಗಿಸಿದ ಮೇಲೆ ಇನ್ನೊಂದು ದಿನ ಸಂಜೆ ನಾಲ್ಕೂಮುಕ್ಕಾಲಿಗೆ ಹೋಗಿ, ಫೋನು ಚೀಲದಲ್ಲಿಟ್ಟು ಜಗಲಿಯ ಮೇಲೆ ಕೂತುಬಿಡಿ.